ಬೆನ್ನ ಮೇಲೆ ಉಸಿರು ಹೊತ್ತವರು: ಜಾಕ್ ಈವ್ ಕೂಸ್ತೋ

ಕೆಂಪು ಸಮುದ್ರದ ಉತ್ತರ ಭಾಗದಲ್ಲಿ, ಈಜಿಪ್ಟಿನ ಸಿನಾಯ್ ದಂಡೆಯಿಂದ ಸ್ವಲ್ಪ ದೂರ, ಶಾಬ್ ಅಲಿ ಎಂಬ ಹವಳದ ದಿಬ್ಬವಿದೆ. ಅದರ ಪಕ್ಕದಲ್ಲಿ, ಸುಮಾರು 30 ಮೀಟರ್ ಆಳದಲ್ಲಿ, ಒಂದು ಹಡಗು ಮರಳಿನ ಮೇಲೆ ಕೂತಿದೆ. ಅದರೊಳಗೆ ಸಾಲಾಗಿ ನಿಲ್ಲಿಸಿದ ಲಾರಿಗಳಿವೆ, ಮೋಟಾರ್ ಸೈಕಲ್‌ಗಳಿವೆ, ರೈಫಲ್‌ಗಳಿವೆ, ರಾಶಿ ರಾಶಿ ರಬ್ಬರ್ ಬೂಟುಗಳಿವೆ. ಯಾರೋ ಸರಕು ಜೋಡಿಸಿ, ಲೆಕ್ಕ ಬರೆದು, ಬೀಗ ಹಾಕಿ ಹೋದ ಗೋದಾಮಿನ ಹಾಗೆ ಕಾಣುತ್ತದೆ. ಆದರೆ ಬೀಗ ಹಾಕಿದವರು ಮರಳಿ ಬರಲಿಲ್ಲ. ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿ ಮೀನುಗಳದ್ದೇ ಕಾವಲು.

ಆ ಹಡಗಿನ ಹೆಸರು ಥಿಸಲ್‌ಗಾರ್ಮ್. ಅದನ್ನು ಮೊದಲು ಜಗತ್ತಿಗೆ ತೋರಿಸಿದವರು ಜಾಕ್ ಈವ್ ಕೂಸ್ತೋ. ಅವರು ತೀರಿಕೊಂಡಾಗ ನಮ್ಮಲ್ಲಿ ಯಾವ ವಿದ್ಯಾರ್ಥಿಯೂ ಹುಟ್ಟಿರಲಿಲ್ಲ. ನಮ್ಮ ಉಪನ್ಯಾಸಕರಲ್ಲಿ ಕೆಲವರು ಮಾತ್ರ ಕೆಂಪು ಉಲ್ಲನ್ ಟೋಪಿ ಹಾಕಿದ, ತೆಳ್ಳಗಿನ, ಉದ್ದ ಮೂಗಿನ ಆ ಮನುಷ್ಯನನ್ನು ಟಿವಿಯಲ್ಲಿ ಕಂಡಿರಬಹುದು. ಮನುಷ್ಯ ನೀರಿನಡಿಯಲ್ಲಿ ಯಾವ ಹಗ್ಗ, ಪೈಪುಗಳ ಹಂಗೂ ಇಲ್ಲದೆ ಮೀನಿನಂತೆ ಓಡಾಡುವುದನ್ನು ಸಾಧ್ಯ ಮಾಡಿದವರಲ್ಲಿ ಅವರೊಬ್ಬರು. ಕಡಲಿನೊಳಗೆ ಹೋಗುವ ಬಾಗಿಲು ತೆರೆದ ಈ ಮನುಷ್ಯ, ಒಳಗೆ ಹೋದವರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕಲಿಯಲು ತನ್ನ ಅರ್ಧ ಆಯುಷ್ಯವನ್ನೇ ತೆಗೆದುಕೊಂಡರು. ಅವರ ಜೀವನದಿಂದ ನಾವು ಕಲಿಯಬೇಕಾದದ್ದು ಇದೇ ಎಂದು ನನಗನಿಸುತ್ತದೆ.

ಕಾಯಿಲೆಯ ಹುಡುಗ

ಕೂಸ್ತೋ ಹುಟ್ಟಿದ್ದು 1910ರ ಜೂನ್ 11ರಂದು, ಫ್ರಾನ್ಸಿನ ಬೋರ್ಡೋ ನಗರದ ಹತ್ತಿರದ ಸೇಂಟ್ ಆಂದ್ರೆ ದ ಕ್ಯೂಬ್ಜಾಕ್ ಎಂಬ ಊರಿನಲ್ಲಿ. ತಂದೆ ಡೇನಿಯಲ್ ಕೂಸ್ತೋ ಕಾನೂನು ಓದಿದವರು. ಶ್ರೀಮಂತ ಅಮೆರಿಕನ್ನರ ಬಳಿ ಕೆಲಸ ಮಾಡುತ್ತ ಅವರೊಂದಿಗೆ ಊರೂರು ಸುತ್ತುತ್ತಿದ್ದರು. ಹಾಗಾಗಿ ಮಕ್ಕಳಿಗೆ ಒಂದು ಊರು, ಒಂದು ಶಾಲೆ ಎಂಬುದು ಇರಲಿಲ್ಲ. ಚಿಕ್ಕಂದಿನಲ್ಲಿ ಜಾಕ್ ಆಗಾಗ ಕಾಯಿಲೆ ಬೀಳುತ್ತಿದ್ದ ಬಡಕಲು ಹುಡುಗ. ಆದರೂ ಈಜು ಕಲಿತ.

ಹತ್ತನೇ ವಯಸ್ಸಿನ ಹೊತ್ತಿಗೆ ಕುಟುಂಬ ಕೆಲ ಕಾಲ ನ್ಯೂಯಾರ್ಕಿನಲ್ಲಿತ್ತು. ಬೇಸಿಗೆ ಶಿಬಿರವೊಂದಕ್ಕೆ ಹೋಗಿದ್ದಾಗ, ಅಲ್ಲಿನ ಕೆರೆಯ ತಳದಲ್ಲಿ ಬಿದ್ದಿದ್ದ ಕೊಂಬೆಗಳನ್ನು ತೆಗೆಯುವ ಕೆಲಸ ಈ ಹುಡುಗನ ಪಾಲಿಗೆ ಬಂತು. ಕೆಸರು ನೀರಿನಲ್ಲಿ ಕಣ್ಣು ಬಿಟ್ಟುಕೊಂಡು, ಉಸಿರು ಕಟ್ಟಿ ಮುಳುಗುವುದನ್ನು ಅವರು ಮೊದಲು ಕಲಿತದ್ದು ಹೀಗೆ.

ಓದಿನಲ್ಲಿ ಮನಸ್ಸಿರಲಿಲ್ಲ, ಯಂತ್ರಗಳಲ್ಲಿ ಇತ್ತು. ಹದಿಮೂರನೇ ವಯಸ್ಸಿನಲ್ಲಿ ಕೂಡಿಟ್ಟ ಹಣದಿಂದ ಒಂದು ಸಿನಿಮಾ ಕ್ಯಾಮೆರಾ ಕೊಂಡು, ಅದನ್ನು ಬಿಚ್ಚಿ ಜೋಡಿಸಿ, ಮನೆಯವರನ್ನೇ ಇಟ್ಟುಕೊಂಡು ಚಿಕ್ಕ ಚಿತ್ರಗಳನ್ನು ತೆಗೆದರು. ಶಾಲೆಯ ಕಿಟಕಿ ಗಾಜುಗಳನ್ನು ಒಡೆದದ್ದಕ್ಕೆ ಶಾಲೆಯಿಂದ ಹೊರಹಾಕಲ್ಪಟ್ಟರು. ಆಮೇಲೆ ಕಟ್ಟುನಿಟ್ಟಿನ ವಸತಿ ಶಾಲೆಗೆ ಸೇರಿಸಿದಾಗ ದಾರಿಗೆ ಬಂದರು. 1930ರಲ್ಲಿ ಬ್ರೆಸ್ಟ್ ನಗರದ ನೌಕಾ ಅಕಾಡೆಮಿಗೆ ಪ್ರವೇಶ ಪಡೆದರು.

ನೌಕಾಪಡೆಯಲ್ಲಿ ಅವರಿಗಿದ್ದ ಆಸೆ ಸಮುದ್ರದ್ದಲ್ಲ, ಆಕಾಶದ್ದು. ವಿಮಾನ ಹಾರಿಸುವ ತರಬೇತಿಗೂ ಸೇರಿದ್ದರು. 1936ರಲ್ಲಿ ನಡೆದ ಕಾರು ಅಪಘಾತದಲ್ಲಿ ಎರಡೂ ಕೈಗಳು ಮುರಿದವು. ಪೈಲಟ್ ಆಗುವ ಕನಸು ಅಲ್ಲಿಗೆ ಮುಗಿಯಿತು. ಕೈಗಳಿಗೆ ಬಲ ಬರಲೆಂದು ದಕ್ಷಿಣ ಫ್ರಾನ್ಸಿನ ತೂಲೋಂ ಬಂದರಿನ ಬಳಿ ದಿನವೂ ಈಜತೊಡಗಿದರು. ಅಲ್ಲಿ ನೌಕಾಪಡೆಯ ಗೆಳೆಯ ಫಿಲಿಪ್ ತೈಯೇ ಅವರಿಗೆ ನೀರಿನೊಳಗೆ ನೋಡುವ ಒಂದು ಜೊತೆ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ತಲೆ ಮುಳುಗಿಸಿದಾಗ ಕಲ್ಲು, ಪಾಚಿ, ಮೀನು ಎಲ್ಲವೂ ಸ್ಪಷ್ಟವಾಗಿ ಕಂಡವು. ತಲೆ ಮೇಲೆತ್ತಿದರೆ ದಡದಲ್ಲಿ ಜನ, ವಾಹನ, ವಿದ್ಯುತ್ ಕಂಬ. ಎರಡು ಲೋಕಗಳ ನಡುವೆ ಒಂದು ನೀರಿನ ಪದರ ಮಾತ್ರ. ಕೈ ಮುರಿಯದೇ ಇದ್ದಿದ್ದರೆ ಅವರು ಆ ದಡಕ್ಕೆ ಬರುತ್ತಿದ್ದರೋ ಇಲ್ಲವೋ. ಅಲ್ಲಾಹನು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತಾನೆ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದು ಇಂಥ ಸಂದರ್ಭಕ್ಕೇ ಇರಬೇಕು.

1937ರಲ್ಲಿ ಸಿಮೋನ್ ಮೆಲ್ಕಿಯೋರ್ ಅವರೊಂದಿಗೆ ಮದುವೆಯಾಯಿತು. ಜಾನ್ ಮಿಶೆಲ್ ಮತ್ತು ಫಿಲಿಪ್ ಎಂಬ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಈ ನಡುವೆ ಎರಡನೇ ಮಹಾಯುದ್ಧ ಬಂತು.

ದಮ್ಮಿನ ಲೆಕ್ಕ

ಉಸಿರು ಕಟ್ಟಿ ಮುಳುಗಿದವನಿಗೆ ಸಿಗುವುದು ಒಂದೆರಡು ನಿಮಿಷ. ಉರ್ದುವಿನಲ್ಲಿ ನಾವು ಉಸಿರಿಗೆ ದಮ್ ಎನ್ನುತ್ತೇವೆ. ಕನ್ನಡದಲ್ಲೂ ದಮ್ಮು ಕಟ್ಟುವುದು ಎಂಬ ಮಾತಿದೆ. ಅಷ್ಟು ದಮ್ಮಿನಲ್ಲಿ ಏನು ನೋಡಲಾಗುತ್ತದೆ? ಆಗಲೇ ಇದ್ದ ಇನ್ನೊಂದು ವಿಧಾನದಲ್ಲಿ ತಾಮ್ರದ ದೊಡ್ಡ ಶಿರಸ್ತ್ರಾಣ, ಸೀಸದ ಬೂಟು ಹಾಕಿಕೊಂಡು, ಮೇಲಿನ ದೋಣಿಯಿಂದ ಬರುವ ಗಾಳಿ ಪೈಪಿಗೆ ಕಟ್ಟುಬಿದ್ದು, ತಳದಲ್ಲಿ ಹೆಜ್ಜೆ ಎಳೆಯುತ್ತ ನಡೆಯಬೇಕಿತ್ತು. ಗಾಳಿಯನ್ನು ಬೆನ್ನ ಮೇಲೆ ಹೊತ್ತು ಹೋಗುವ ಪ್ರಯತ್ನಗಳೂ ನಡೆದಿದ್ದವು. 1860ರ ದಶಕದಲ್ಲೇ ಫ್ರಾನ್ಸಿನ ರೂಕೇರೋಲ್ ಮತ್ತು ದೆನೇರೂಜ್ ಎಂಬ ಇಬ್ಬರು ಅಂಥ ಸಾಧನ ಮಾಡಿದ್ದರು. ಆದರೆ ಹೆಚ್ಚು ಗಾಳಿ ತುಂಬಿಡುವ ಗಟ್ಟಿ ಸಿಲಿಂಡರ್ ಆಗ ಇರಲಿಲ್ಲ. ಆಮೇಲೆ ಈವ್ ಲ ಪ್ರಿಯೂರ್ ಎಂಬ ನೌಕಾ ಅಧಿಕಾರಿ ಸಿಲಿಂಡರ್ ಬಳಸಿದರೂ ಅದರಲ್ಲಿ ಗಾಳಿ ಒಂದೇ ಸಮನೆ ಹರಿದು ಪೋಲಾಗುತ್ತಿತ್ತು.

ಇಲ್ಲಿನ ತೊಡಕು ವಿಜ್ಞಾನ ವಿಭಾಗದ ಗೆಳೆಯರಿಗೆ ಗೊತ್ತಿರುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರಿನಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ನೀರು ಎದೆಯನ್ನು ಎಷ್ಟು ಒತ್ತುತ್ತದೋ ಅಷ್ಟೇ ಒತ್ತಡದ ಗಾಳಿ ಒಳಗೆ ಬರಬೇಕು. ಕಡಿಮೆಯಾದರೆ ಎಳೆದುಕೊಳ್ಳಲಾಗದು, ಹೆಚ್ಚಾದರೆ ಶ್ವಾಸಕೋಶಕ್ಕೆ ಅಪಾಯ. ಅದೂ ಎಳೆದಾಗ ಮಾತ್ರ ಬರಬೇಕು, ಬಿಟ್ಟಾಗ ನಿಲ್ಲಬೇಕು. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಬೇಡಿಕೆ ಇದ್ದಾಗ ಮಾತ್ರ, ಇದ್ದಷ್ಟೇ ಪೂರೈಕೆ.

1942ರ ನವೆಂಬರ್‌ನಲ್ಲಿ, ಹಡಗುಗಳು ಜರ್ಮನ್ನರ ಕೈಗೆ ಸಿಗಬಾರದೆಂದು ಫ್ರೆಂಚ್ ನೌಕಾಪಡೆ ತೂಲೋಂ ಬಂದರಿನಲ್ಲಿದ್ದ ತನ್ನ ನೌಕೆಗಳನ್ನು ತಾನೇ ಮುಳುಗಿಸಿತು. ಕೂಸ್ತೋ ಅವರ ಪಡೆಯ ಹಡಗುಗಳೇ ಕಣ್ಣೆದುರು ನೀರು ಪಾಲಾದವು. ಮರುತಿಂಗಳು ಅವರು ಪ್ಯಾರಿಸ್ಸಿಗೆ ಹೋಗಿ ಎಮಿಲ್ ಗಾನ್ಯಾಂ ಎಂಬ ಎಂಜಿನಿಯರನ್ನು ಭೇಟಿಯಾದರು. ಗಾನ್ಯಾಂ ಕೆಲಸ ಮಾಡುತ್ತಿದ್ದದ್ದು ಏರ್ ಲಿಕ್ವಿಡ್ ಎಂಬ ಅನಿಲ ಕಂಪನಿಯಲ್ಲಿ. ಸಿಮೋನ್ ಅವರ ತಂದೆಯೂ ಅದೇ ಕಂಪನಿಯವರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದ್ದರಿಂದ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಗಾನ್ಯಾಂ ಒಂದು ಚಿಕ್ಕ ಕವಾಟ ತಯಾರಿಸಿದ್ದರು. ಎಂಜಿನ್ ಎಳೆದಷ್ಟೇ ಗ್ಯಾಸ್ ಬಿಡುವ ಕವಾಟ ಅದು. ಎಂಜಿನ್ನಿಗೆ ಆಗುವುದು ಎದೆಗೆ ಯಾಕಾಗಬಾರದು ಎಂಬುದೇ ಇಬ್ಬರಿಗೂ ಹೊಳೆದ ವಿಚಾರ.

1943ರ ಜನವರಿಯ ಚಳಿಯಲ್ಲಿ, ಪ್ಯಾರಿಸ್ ಬಳಿಯ ಮಾರ್ನ್ ನದಿಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಮಲಗಿ ಈಜಿದರೆ ಸಾಧನ ಚೆನ್ನಾಗಿಯೇ ಇತ್ತು. ನೆಟ್ಟಗೆ ನಿಂತರೆ ಗಾಳಿ ಸೋರಿ ಹೋಗುತ್ತಿತ್ತು, ತಲೆಕೆಳಗಾದರೆ ಎಳೆದುಕೊಳ್ಳುವುದೇ ಕಷ್ಟ. ಹಿಂದಿರುಗುವಾಗ ಕಾರಣ ಹೊಳೆಯಿತು. ಗಾಳಿ ಬರುವ ಜಾಗ ಮತ್ತು ಬಿಟ್ಟ ಉಸಿರು ಹೊರಹೋಗುವ ಜಾಗ ಬೇರೆ ಬೇರೆ ಎತ್ತರದಲ್ಲಿದ್ದವು. ಎರಡನ್ನೂ ಒಂದೇ ಮಟ್ಟಕ್ಕೆ ತಂದ ಮೇಲೆ ಸಾಧನ ಸರಿಹೋಯಿತು. ಅದಕ್ಕೆ ಅಕ್ವಾಲಂಗ್ ಎಂಬ ಹೆಸರು ಬಂತು. ಇಂದು ಸ್ಕೂಬಾ ಎಂದು ನಾವು ಕರೆಯುವುದರ ಮೂಲ ಇದು. ಅದೇ ಬೇಸಿಗೆಯಲ್ಲಿ, ಬಾಂದೋಲ್ ಎಂಬ ಕರಾವಳಿಯ ಊರಿನ ಬಳಿ ಕೂಸ್ತೋ ಮೊದಲ ಬಾರಿ ಅದನ್ನು ಹೊತ್ತು ಸಮುದ್ರಕ್ಕಿಳಿದರು. ಸಿಮೋನ್ ನೀರಿನ ಮೇಲಿನಿಂದ ನೋಡುತ್ತಿದ್ದರು. ಗೆಳೆಯ ಫ್ರೆಡೆರಿಕ್ ದ್ಯೂಮಾ ಅಪಾಯವಾದರೆ ಇಳಿಯಲು ದಡದಲ್ಲಿ ಸಿದ್ಧರಾಗಿದ್ದರು. ಕೂಸ್ತೋ ನೀರಿನಡಿಯ ಗುಹೆಯೊಂದಕ್ಕೆ ಹೋಗಿ, ಅಲ್ಲಿದ್ದ ಲಾಬ್‌ಸ್ಟರ್‌ಗಳನ್ನು ಹಿಡಿದು ಹೆಂಡತಿಯ ಕೈಗೆ ತಂದುಕೊಟ್ಟರು. ಯುದ್ಧಕಾಲದ ಹಸಿವಿನಲ್ಲಿ ಅದು ದೊಡ್ಡ ಊಟ. ಅವರು ಕಡಲಿಗೆ ಹೋದ ಮೊದಲ ದಿನವೇ ಬರಿಗೈಯಲ್ಲಿ ಬರಲಿಲ್ಲ ಎಂಬುದನ್ನು ನೆನಪಿಡೋಣ.

ಆ ವರ್ಷವೇ ಮುಳುಗಿದ ಹಡಗುಗಳ ಕುರಿತು ಒಂದು ಚಿತ್ರ ತೆಗೆದರು. ಯುದ್ಧ ಮುಗಿದ ಮೇಲೆ ನೌಕಾಪಡೆಯಲ್ಲೇ ಕೂಸ್ತೋ, ತೈಯೇ, ದ್ಯೂಮಾ ಸೇರಿ ಡೈವಿಂಗ್ ಸಂಶೋಧನಾ ತಂಡ ಕಟ್ಟಿದರು. ಸಮುದ್ರದಲ್ಲಿ ಉಳಿದಿದ್ದ ಯುದ್ಧದ ಬಾಂಬುಗಳನ್ನು ಹುಡುಕುವುದೂ ಅವರ ಕೆಲಸವಾಗಿತ್ತು.

ಹೊಸ ಸಾಧನ ಬೆಲೆಯನ್ನೂ ಕೇಳಿತು. ಆಳಕ್ಕೆ ಹೋದಂತೆ ಗಾಳಿಯ ನೈಟ್ರೋಜನ್ ಮಿದುಳಿಗೆ ಅಮಲು ತರುತ್ತದೆ. ಎಷ್ಟು ಆಳದವರೆಗೆ ಹೋಗಬಹುದೆಂದು ತಿಳಿಯಲು 1947ರಲ್ಲಿ ತಂಡದ ಮಾರಿಸ್ ಫಾರ್ಗ್ ಇಳಿದರು. ಆಳ ಗುರುತಿಸಲು ಹಗ್ಗಕ್ಕೆ ಹಲಗೆಗಳನ್ನು ಕಟ್ಟಲಾಗಿತ್ತು. 120 ಮೀಟರಿನ ಹಲಗೆಯ ಮೇಲೆ ಅವರ ಸಹಿ ಇತ್ತು, ಆದರೆ ಮೇಲೆಳೆದಾಗ ಅವರಲ್ಲಿ ಪ್ರಾಣವಿರಲಿಲ್ಲ. ಹಿಂದಿನ ವರ್ಷ ಫ್ರಾನ್ಸಿನ ಒಂದು ಆಳವಾದ ಬುಗ್ಗೆಯೊಳಗೆ ಕೂಸ್ತೋ ಮತ್ತು ದ್ಯೂಮಾ ಸಾಯುವ ಸ್ಥಿತಿಯಲ್ಲಿದ್ದಾಗ ಹಗ್ಗ ಎಳೆದು ಕಾಪಾಡಿದವರು ಇದೇ ಫಾರ್ಗ್. ತನ್ನನ್ನು ಉಳಿಸಿದವನನ್ನು ಉಳಿಸಿಕೊಳ್ಳಲು ಕೂಸ್ತೋ ಅವರಿಗೆ ಆಗಲಿಲ್ಲ.

ಬಾಡಿಗೆಗೆ ಬಂದ ಕ್ಯಾಲಿಪ್ಸೊ

ಸಮುದ್ರಯಾನಕ್ಕೆ ಸ್ವಂತ ಹಡಗು ಬೇಕಿತ್ತು, ದುಡ್ಡಿರಲಿಲ್ಲ. 1950ರಲ್ಲಿ ಬ್ರಿಟನ್ನಿನ ಶ್ರೀಮಂತ ಲೋಯೆಲ್ ಗಿನ್ನೆಸ್ ಒಂದು ಹಳೆಯ ಹಡಗನ್ನು ಕೊಂಡು, ವರ್ಷಕ್ಕೆ ಒಂದೇ ಫ್ರಾಂಕ್ ಬಾಡಿಗೆಗೆ ಕೂಸ್ತೋ ಅವರಿಗೆ ಕೊಟ್ಟರು. ಅದು ಯುದ್ಧಕಾಲದಲ್ಲಿ ಸಮುದ್ರದ ಬಾಂಬುಗಳನ್ನು ತೆಗೆಯಲು ಅಮೆರಿಕದಲ್ಲಿ ಕಟ್ಟಿದ್ದ ಮರದ ಹಡಗು. ಆಮೇಲೆ ಮಾಲ್ಟಾ ದ್ವೀಪದಲ್ಲಿ ಜನರನ್ನು, ವಾಹನಗಳನ್ನು ದಾಟಿಸುತ್ತಿತ್ತು. ಹೆಸರು ಕ್ಯಾಲಿಪ್ಸೊ. ಅದನ್ನು ಸಜ್ಜುಗೊಳಿಸಲು ಸಿಮೋನ್ ತಮ್ಮ ಒಡವೆಗಳನ್ನು ಮಾರಿದರು. ಮುಂದೆ ವರ್ಷಗಟ್ಟಲೆ ಆ ಹಡಗಿನಲ್ಲೇ ಇದ್ದು, ನಾವಿಕರ ಊಟ, ಔಷಧಿ, ಸುಖದುಃಖ ನೋಡಿಕೊಂಡರು. ಕ್ಯಾಮೆರಾದ ಮುಂದೆ ಅವರು ಬಂದದ್ದು ಕಡಿಮೆ. ಹೆಸರಾದವರ ಚರಿತ್ರೆ ಓದುವಾಗ ಒಡವೆ ಮಾರಿದವರ ಹೆಸರನ್ನೂ ಓದಬೇಕು.

1951ರಲ್ಲಿ ಕ್ಯಾಲಿಪ್ಸೊ ತನ್ನ ಮೊದಲ ದೊಡ್ಡ ಯಾತ್ರೆಗೆ ಕೆಂಪು ಸಮುದ್ರಕ್ಕೆ ಹೊರಟಿತು. ಮೆಡಿಟರೇನಿಯನ್ನಿನ ತಣ್ಣನೆ ನೀರಿನಲ್ಲಿ ನಡುಗಿದವರಿಗೆ ಅಲ್ಲಿನ ಬೆಚ್ಚನೆ ನೀರು, ಹವಳದ ಬಣ್ಣಗಳು ಹೊಸ ಲೋಕವಾದವು. ಖರ್ಚು ಮಾತ್ರ ಬೆಳೆಯುತ್ತಲೇ ಇತ್ತು. 1954ರಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಪರವಾಗಿ ಅಬುಧಾಬಿಯ ಸಮುದ್ರದ ತಳದಲ್ಲಿ ತೈಲ ಹುಡುಕುವ ಕೆಲಸವನ್ನೂ ಕೂಸ್ತೋ ತಂಡ ಒಪ್ಪಿಕೊಂಡಿತು. ಆ ಕಡಲಿನಲ್ಲಿ ಮುಂದೆ ತೈಲ ಸಿಕ್ಕಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳವರು ಹೋಗಿ ದುಡಿಯುವ ಗಲ್ಫ್ ಬೆಳೆದದ್ದು ಅಂಥ ತೈಲದಿಂದಲೇ. ಪರಿಸರದ ದೊಡ್ಡ ದನಿ ಎಂದು ಹೆಸರಾದವರು ಹಡಗು ನಡೆಸಲು ಒಮ್ಮೆ ತೈಲ ಕಂಪನಿಯ ಹಣ ಪಡೆದಿದ್ದರು. ಜಮಾ ಬರೆದವರು ಖರ್ಚನ್ನೂ ಬರೆಯಬೇಕಲ್ಲವೇ?

ಥಿಸಲ್‌ಗಾರ್ಮ್

ಈಗ ಮೊದಲು ಹೇಳಿದ ಹಡಗಿಗೆ ಬರೋಣ. ಥಿಸಲ್‌ಗಾರ್ಮ್ ಬ್ರಿಟನ್ನಿನ ಸರಕು ಹಡಗು. 1940ರಲ್ಲಿ ಸಂಡರ್‌ಲ್ಯಾಂಡ್‌ನಲ್ಲಿ ನೀರಿಗಿಳಿಯಿತು. ಉದ್ದ ಸುಮಾರು 126 ಮೀಟರ್. 1941ರ ಜೂನ್‌ನಲ್ಲಿ ಗ್ಲಾಸ್ಗೋದಿಂದ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೇನೆಗೆ ಸಾಮಾನು ತುಂಬಿಕೊಂಡು ಹೊರಟಿತು. ಮೆಡಿಟರೇನಿಯನ್ ದಾರಿಯಲ್ಲಿ ಶತ್ರುಗಳಿದ್ದರಿಂದ ಇಡೀ ಆಫ್ರಿಕಾ ಖಂಡವನ್ನು ಸುತ್ತಿ, ಕೇಪ್‌ಟೌನ್ ದಾಟಿ ಕೆಂಪು ಸಮುದ್ರಕ್ಕೆ ಬಂತು. ಅದರಲ್ಲಿ ಬೆಡ್‌ಫರ್ಡ್ ಲಾರಿಗಳು, ಬಿಎಸ್‌ಎ ಮತ್ತು ನಾರ್ಟನ್ ಮೋಟಾರ್ ಸೈಕಲ್‌ಗಳು, ಲೀ ಎನ್‌ಫೀಲ್ಡ್ ರೈಫಲ್‌ಗಳು, ವಿಮಾನದ ಬಿಡಿಭಾಗಗಳು, ಮದ್ದುಗುಂಡು ಇದ್ದವು. ಮೇಲೆ ರೈಲಿನ ಎರಡು ಉಗಿ ಎಂಜಿನ್‌ಗಳೂ ಇದ್ದವು. ಸೂಯೆಜ್ ಕಾಲುವೆಯ ದಾರಿ ಬಂದ್ ಆಗಿತ್ತು. ಹಾಗಾಗಿ ಶಾಬ್ ಅಲಿ ಬಳಿ ಲಂಗರು ಹಾಕಿ ಸರದಿಗೆ ಕಾಯುತ್ತಿತ್ತು.

1941ರ ಅಕ್ಟೋಬರ್ 6ರ ನಡುರಾತ್ರಿ ಕಳೆದ ಮೇಲೆ, ಬೇರೆ ದೊಡ್ಡ ಹಡಗನ್ನು ಹುಡುಕುತ್ತಿದ್ದ ಜರ್ಮನ್ ವಿಮಾನಗಳಿಗೆ ಇದು ಕಂಡಿತು. ಬಾಂಬು ಬಿದ್ದದ್ದು ಮದ್ದುಗುಂಡು ಇಟ್ಟಿದ್ದ ಭಾಗದ ಮೇಲೆ. ಸ್ಫೋಟಕ್ಕೆ ಹಡಗು ಸೀಳಿ, ರೈಲು ಎಂಜಿನ್‌ಗಳು ಹಾರಿ ಎರಡೂ ಬದಿಗೆ ಸಮುದ್ರದ ತಳಕ್ಕೆ ಬಿದ್ದವು. ಒಂಬತ್ತು ಜನ ಸತ್ತರು. ಆಂಗಸ್ ಮ್ಯಾಕ್‌ಲೇ ಎಂಬ ನಾವಿಕ ತಾನು ಪಾರಾಗುವ ಮೊದಲು ಹಿಂದಿರುಗಿ ಹೋಗಿ, ಬೆಂಕಿಯ ನಡುವಿನಿಂದ ಗಾಯಾಳುವೊಬ್ಬನನ್ನು ಹೊತ್ತು ತಂದ. ಅವನಿಗೆ ಜಾರ್ಜ್ ಪದಕ ಸಿಕ್ಕಿತು.

1950ರ ದಶಕದಲ್ಲಿ ಅಲ್ಲಿನ ಮೀನುಗಾರರಿಂದ ಸುದ್ದಿ ತಿಳಿದು ಕೂಸ್ತೋ ಆ ಜಾಗಕ್ಕೆ ಬಂದರು. ಬೆಳಕು ಸೋಸಿ ಬರುವ ಆ ನೀಲಿ ನೀರಿನಲ್ಲಿ ಅವರ ತಂಡ ಹಡಗಿನ ಮೇಲೆ ತೇಲಿತು. ಡೈವರ್ ಒಬ್ಬ ಹಡಗಿನ ಗಂಟೆಯ ಮೇಲೆ ಬೆಳೆದಿದ್ದ ಪದರವನ್ನು ಕೆರೆದಾಗ ಅಕ್ಷರಗಳು ಒಂದೊಂದಾಗಿ ಹೊರಬಂದವು. ಥಿಸಲ್‌ಗಾರ್ಮ್ ಎಂಬ ಹೆಸರು ಹದಿನಾಲ್ಕು ವರ್ಷಗಳ ನಂತರ ಮತ್ತೆ ಕಂಡಿತು. ಈ ದೃಶ್ಯ ದಿ ಸೈಲೆಂಟ್ ವರ್ಲ್ಡ್ ಚಿತ್ರದಲ್ಲಿದೆ. ಯುವ ನಿರ್ದೇಶಕ ಲೂಯಿ ಮಾಲ್ ಜೊತೆ ಕೂಸ್ತೋ ಮಾಡಿದ ಈ ಚಿತ್ರಕ್ಕೆ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ, ಅದರ ಮರುವರ್ಷ ಆಸ್ಕರ್ ಬಂದವು. ನೀರಿನಡಿಯ ಬಣ್ಣಗಳನ್ನು ಬೆಳ್ಳಿತೆರೆಯಲ್ಲಿ ಅಷ್ಟು ಚೆನ್ನಾಗಿ ಜನ ಅದಕ್ಕೂ ಮೊದಲು ನೋಡಿರಲಿಲ್ಲ.

ಆದರೆ ಕೂಸ್ತೋ ತಂಡ ಆ ಹಡಗಿನಿಂದ ಗಂಟೆಯನ್ನು ತೆಗೆಯಿತು. ಕ್ಯಾಪ್ಟನ್ನನ ತಿಜೋರಿಯನ್ನು, ಒಂದು ಮೋಟಾರ್ ಸೈಕಲನ್ನು ಮೇಲೆತ್ತಿತು. ಅದೇ ಚಿತ್ರದಲ್ಲಿ ಇನ್ನೂ ಕಷ್ಟದ ದೃಶ್ಯಗಳಿವೆ. ಮೀನುಗಳ ಲೆಕ್ಕ ತೆಗೆಯಲೆಂದು ಹವಳದ ದಿಬ್ಬದಲ್ಲಿ ಡೈನಮೈಟ್ ಸಿಡಿಸುತ್ತಾರೆ. ಕ್ಯಾಲಿಪ್ಸೊಗೆ ಸಿಕ್ಕು ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕ್‌ಗಳನ್ನು ನಾವಿಕರು ಕೊಚ್ಚಿ ಕೊಲ್ಲುತ್ತಾರೆ. ಆ ಕಾಲದಲ್ಲಿ ಜನ ಅದನ್ನು ಸಾಹಸವೆಂದು ನೋಡಿದರು. ಇಂದು ನಾವು ನೋಡಿದರೆ ಕಣ್ಣು ಮುಚ್ಚಿಕೊಳ್ಳುತ್ತೇವೆ.

ನನಗೆ ಇಲ್ಲಿ ಒಂದು ಪದ ನೆನಪಾಗುತ್ತದೆ. ಕನ್ನಡದಲ್ಲಿ ಅಮಾನತು ಎಂದರೆ ನೌಕರಿಯಿಂದ ತಾತ್ಕಾಲಿಕವಾಗಿ ತೆಗೆದಿಡುವುದು. ಉರ್ದುವಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ನಮ್ಮ ಬಳಿ ಇಟ್ಟುಹೋದ ವಸ್ತು. ಅದು ನಮ್ಮ ಕೈಯಲ್ಲಿರುತ್ತದೆ, ಆದರೆ ನಮ್ಮದಲ್ಲ. ಬಳಸುವ ಹಕ್ಕಿಲ್ಲ, ಕಾಪಾಡುವ ಹೊಣೆ ಇದೆ. ಸಮುದ್ರದ ತಳದಲ್ಲಿರುವ ಹಡಗು ಹಾಗೆಯೇ. ಜೀವ ತೆತ್ತವರ ಪಾಲಿಗೆ ಅದೊಂದು ಖಬರಸ್ತಾನ. ಖಬರಸ್ತಾನಕ್ಕೆ ಹೋದವರು ಸಲಾಂ ಹೇಳಿ ಬರುತ್ತಾರೆಯೇ ಹೊರತು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರುವುದಿಲ್ಲ.

ಬದಲಾದ ಮನುಷ್ಯ

1957ರಲ್ಲಿ ಕೂಸ್ತೋ ಮೊನಾಕೋದ ಸಾಗರ ವಿಜ್ಞಾನ ವಸ್ತುಸಂಗ್ರಹಾಲಯದ ನಿರ್ದೇಶಕರಾದರು. 1960ರಲ್ಲಿ ಅಣುತ್ಯಾಜ್ಯವನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಸುರಿಯುವ ಯೋಜನೆ ಫ್ರಾನ್ಸಿನಲ್ಲಿ ಬಂದಾಗ ಅವರು ಎದುರು ನಿಂತರು. ಸಾರ್ವಜನಿಕ ವಿರೋಧದಿಂದ ಅದು ನಿಂತಿತು. 1963ರಲ್ಲಿ ಸೂಡಾನ್ ಕರಾವಳಿಯ ಶಾಬ್ ರೂಮಿ ಎಂಬಲ್ಲಿ, ಕೆಂಪು ಸಮುದ್ರದ 10 ಮೀಟರ್ ಆಳದಲ್ಲಿ, ಉಕ್ಕಿನ ಮನೆ ಕಟ್ಟಿ ಅವರ ತಂಡದವರು ಒಂದು ತಿಂಗಳು ಅಲ್ಲೇ ವಾಸಿಸಿದರು. ಆ ಚಿತ್ರಕ್ಕೂ ಆಸ್ಕರ್ ಬಂತು. 1968ರಿಂದ ಅವರ ಟಿವಿ ಸರಣಿ ದೇಶ ದೇಶಗಳ ಮನೆಗಳಿಗೆ ಸಮುದ್ರವನ್ನು ತಲುಪಿಸಿತು. ಅದರಲ್ಲಿ ತಿಮಿಂಗಿಲ, ಆಮೆ, ಆಕ್ಟೋಪಸ್‌ಗಳು ಬೇಟೆಯಾಗದೆ ನೆರೆಹೊರೆಯವರಾದವು. 1973ರಲ್ಲಿ ಸಮುದ್ರ ರಕ್ಷಣೆಗೆಂದೇ ಕೂಸ್ತೋ ಸೊಸೈಟಿ ಸ್ಥಾಪಿಸಿದರು. 1990ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆ ಬೇಡವೆಂದು ಸಹಿ ಸಂಗ್ರಹಿಸಿದರು. ಮರುವರ್ಷ ದೇಶಗಳು ಮ್ಯಾಡ್ರಿಡ್‌ನಲ್ಲಿ ಸೇರಿ ಅಲ್ಲಿ ಗಣಿಗಾರಿಕೆಯನ್ನು ನಿಷೇಧಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಡೈನಮೈಟ್ ಸಿಡಿಸಿದ ಮನುಷ್ಯನೇ ಇಡೀ ಖಂಡವೊಂದನ್ನು ಅಗೆಯಬೇಡಿ ಎಂದು ಬಾಗಿಲು ಬಾಗಿಲು ತಟ್ಟಿದರು.

ಮನೆಯಲ್ಲಿ ದುಃಖಗಳಿದ್ದವು. 1979ರ ಜೂನ್‌ನಲ್ಲಿ ಲಿಸ್ಬನ್ ಬಳಿ ನೀರಿಗಿಳಿಯುವ ವಿಮಾನ ಅಪಘಾತಕ್ಕೀಡಾಗಿ ಕಿರಿಯ ಮಗ ಫಿಲಿಪ್ ತೀರಿಕೊಂಡರು. ಅವರೇ ತಂದೆಯ ಕೆಲಸ ಮುಂದುವರಿಸಬೇಕಾದವರಾಗಿದ್ದರು. 1990ರಲ್ಲಿ ಸಿಮೋನ್ ಹೋದರು. ಮರುವರ್ಷ ಫ್ರಾನ್ಸೀನ್ ಅವರನ್ನು ಕೂಸ್ತೋ ಮದುವೆಯಾದರು. ಹಿರಿಯ ಮಗ ಫಿಜಿಯ ರೆಸಾರ್ಟೊಂದಕ್ಕೆ ಕೂಸ್ತೋ ಹೆಸರು ಇಟ್ಟಾಗ ತಂದೆ ಕೋರ್ಟಿಗೂ ಹೋದರು. ಗುಡ್‌ವಿಲ್ ಎಂಬುದು ಕಣ್ಣಿಗೆ ಕಾಣದ ಆಸ್ತಿ ಎಂದು ನಾವು ಅಕೌಂಟೆನ್ಸಿಯಲ್ಲಿ ಓದುತ್ತೇವೆ. ಅದಕ್ಕಾಗಿ ತಂದೆ ಮಗ ಜಗಳವಾಡುವುದನ್ನು ಯಾವ ಲೆಜರಿನಲ್ಲಿ ಬರೆಯುವುದು?

ಒಂದು ಸುದ್ದಿಯ ಬಗ್ಗೆ

ನಮ್ಮ ಓದುಗರಿಗಾಗಿ ಒಂದು ವಿಷಯ ಹೇಳಲೇಬೇಕು. ಎರಡು ಸಮುದ್ರಗಳು ಸೇರುವಲ್ಲಿ ನೀರು ಬೆರೆಯದಿರುವುದನ್ನು ಕೂಸ್ತೋ ಕಂಡರು, ಅದು ಖುರ್‌ಆನ್‌ನ ಸೂರಃ ರಹ್ಮಾನ್‌ನಲ್ಲಿ ಇರುವುದು ತಿಳಿದು ಇಸ್ಲಾಂ ಸ್ವೀಕರಿಸಿದರು ಎಂಬ ಸಂದೇಶ ವರ್ಷಗಳಿಂದ ಓಡಾಡುತ್ತಿದೆ. ವಾಟ್ಸಾಪ್‌ನಲ್ಲಿ ಈಗಲೂ ಬರುತ್ತದೆ. ಇದು ನಿಜವಲ್ಲ. ಅವರು ಬದುಕಿದ್ದಾಗಲೇ, 1991ರಲ್ಲಿ, ಅವರ ಸಂಸ್ಥೆ ಪತ್ರದ ಮೂಲಕ ಇದನ್ನು ನಿರಾಕರಿಸಿತ್ತು. ಅವರ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದದ್ದು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನಲ್ಲಿ. ನಮ್ಮ ನಂಬಿಕೆಗೆ ಯಾವ ಪ್ರಸಿದ್ಧರ ಸಹಿಯೂ ಬೇಕಿಲ್ಲ. ಸತ್ತವರ ಬಾಯಲ್ಲಿ ಅವರು ಹೇಳದ ಮಾತನ್ನು ಇಡುವುದು, ಮುಳುಗಿದ ಹಡಗಿನಿಂದ ಗಂಟೆ ಬಿಚ್ಚಿಕೊಂಡು ಬರುವುದಕ್ಕಿಂತ ದೊಡ್ಡ ತಪ್ಪು. ಸತ್ಯವೂ ಅಮಾನತ್ತೇ. ಅವರನ್ನು ಗೌರವಿಸಲು ಅವರು ನಿಜವಾಗಿ ಮಾಡಿದ ಕೆಲಸ ಸಾಕು.

ಕೊನೆಯ ದಿನಗಳು

1996ರ ಜನವರಿಯಲ್ಲಿ ಸಿಂಗಾಪುರದ ಬಂದರಿನಲ್ಲಿ ನಿಂತಿದ್ದ ಕ್ಯಾಲಿಪ್ಸೊಗೆ ಒಂದು ಸರಕು ದೋಣಿ ಡಿಕ್ಕಿ ಹೊಡೆಯಿತು. ಹಡಗು ಮುಳುಗಿತು. ಮುಳುಗಿದ ಹಡಗುಗಳನ್ನು ಜಗತ್ತಿಗೆ ತೋರಿಸಿದವರ ಸ್ವಂತ ಹಡಗೇ ಬೆಚ್ಚನೆ ಸಮುದ್ರದಲ್ಲಿ ಮುಳುಗಿದ ಹಡಗಾಯಿತು. ಕೆಲವು ದಿನಗಳಲ್ಲಿ ಅದನ್ನು ಮೇಲೆತ್ತಿದರು, ಆದರೆ ಅದು ಮತ್ತೆ ಕೂಸ್ತೋ ಅವರನ್ನು ಹೊತ್ತು ಸಮುದ್ರಕ್ಕೆ ಹೋಗಲಿಲ್ಲ. 1997ರ ಜೂನ್ 25ರಂದು, 87ನೇ ವಯಸ್ಸಿನಲ್ಲಿ, ಅವರು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಜೀವನವಿಡೀ ಸಮುದ್ರದಲ್ಲಿದ್ದವರನ್ನು ಹುಟ್ಟಿದೂರಿನ ಮಣ್ಣಿನಲ್ಲೇ ಮಲಗಿಸಲಾಯಿತು.

ಥಿಸಲ್‌ಗಾರ್ಮ್ ಇರುವ ಜಾಗ ಕೂಸ್ತೋ ನಂತರ ಬಹುಕಾಲ ಹೆಚ್ಚಿನವರಿಗೆ ತಿಳಿದಿರಲಿಲ್ಲ. 1990ರ ದಶಕದಿಂದ ಶರ್ಮ್ ಅಲ್ ಶೇಖ್ ಮತ್ತು ಹುರ್ಘಾದಾದಿಂದ ಪ್ರವಾಸಿಗರ ದೋಣಿಗಳು ಬರತೊಡಗಿದವು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಜನ ಡೈವ್ ಮಾಡುವ ಮುಳುಗಿದ ಹಡಗುಗಳಲ್ಲಿ ಅದೂ ಒಂದು. ಬಂದವರು ನೆನಪಿಗೆಂದು ಮೋಟಾರ್ ಸೈಕಲ್‌ಗಳ ಭಾಗಗಳನ್ನು, ಚಿಕ್ಕ ಪುಟ್ಟ ವಸ್ತುಗಳನ್ನು ಕಿತ್ತುಕೊಂಡು ಹೋಗಿದ್ದಾರೆ. ದೋಣಿಗಳು ಹಡಗಿಗೇ ಹಗ್ಗ ಬಿಗಿದು ನಿಂತಿದ್ದರಿಂದ ಅದರ ಕಬ್ಬಿಣ ಹರಿದಿದೆ. ಬಾಂಬು ಉಳಿಸಿದ್ದನ್ನು ಅಭಿಮಾನಿಗಳು ಮುರಿಯುತ್ತಿದ್ದಾರೆ.

ನಮ್ಮ ರಾಜ್ಯದಲ್ಲೂ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಇದೆ. ಅಲ್ಲಿ ಬಾಯಿಗೆ ಇಟ್ಟುಕೊಳ್ಳುವ ಸಾಧನದಲ್ಲಿ, ಎಳೆದಾಗ ಮಾತ್ರ ಗಾಳಿ ಬಿಡುವ ಅದೇ ತತ್ವ ಕೆಲಸ ಮಾಡುತ್ತದೆ. ಗಾನ್ಯಾಂ ಮತ್ತು ಕೂಸ್ತೋ ಮಾಡಿಕೊಟ್ಟ ಸಾಲ ಅದು. ನಮ್ಮಲ್ಲಿ ಯಾರಾದರೂ ಒಂದು ದಿನ ಇಳಿದರೆ, ಆ ಸಾಲ ತೀರಿಸುವ ದಾರಿ ಸುಲಭ. ನಿಧಾನವಾಗಿ ಉಸಿರಾಡಬೇಕು, ಕಣ್ಣು ತುಂಬ ನೋಡಬೇಕು, ಹವಳವನ್ನಾಗಲಿ ಚಿಪ್ಪನ್ನಾಗಲಿ ಮುಟ್ಟದೆ ಬರಿಗೈಯಲ್ಲಿ ಮೇಲೆ ಬರಬೇಕು. ಕೂಸ್ತೋ ಅವರಿಗೆ ಇದನ್ನು ಕಲಿಯಲು ಹಲವು ದಶಕಗಳು ಬೇಕಾದವು. ಅವರ ಜೀವನ ಓದಿದ ನಮಗೆ ಅಷ್ಟು ಕಾಲ ಬೇಕಾಗಬಾರದು.